ಪದದ ಅಕ್ಕಪಕ್ಕ

ವನದುರ್ಗ ಕ್ಯಾಂಪ್
10 ಜುಲೈ 1988

ಗೊಲ್ಲಾಳಮ್ಮಳಿಗೆ,

ನಾನು ಆರಾಮ ಇದ್ದೇನೆ, ಅವ್ವನಿಗೂ ಹೇಳು. ಈ ಸಲವೂ ರಜೆ ಸಿಗಲಿಲ್ಲ. ಇಲ್ಲಿ ಕಾಲುವೆಯ ಗೇಜು ನೋಡುವವನು ನಾನೊಬ್ಬನೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರಿನ ಎತ್ತರ ಬರೆದು ಶಹಾಪುರದ ಆಫೀಸಿಗೆ ಹೋಗುವ ಜೀಪಿನಲ್ಲಿ ಕಳಿಸಬೇಕು. ಬದಲಿ ಆಳು ಕೊಡುವ ತನಕ ಏರಿ ಬಿಟ್ಟು ಬರುವಂತಿಲ್ಲ.

ಒಂದು ಒಳ್ಳೆಯ ಸುದ್ದಿ ಇದೆ. ಹೆಡ್ ಕ್ಲರ್ಕ್ ಬಸವಂತ್ರಾಯರು ನಿನ್ನೆ ಜೀಪಿನಲ್ಲಿ ಬಂದಿದ್ದರು. “ಈಶಪ್ಪ, ನಿಮ್ಮ ಮನ್ಯಾಕಿ ಟೈಪಿಂಗ್ ಪಾಸ್ ಆಗ್ಯಾಳಂತಲ್ಲೋ. ನಮ್ಮಲ್ಲಿ ಇಂಗ್ಲಿಷ್ ಟೈಪಿಸ್ಟ್ ಬೇಕಾಗ್ಯಾರ, ಅರ್ಜಿ ಹಾಕ್ಸು” ಅಂದರು. ಸೆಪ್ಟೆಂಬರಿನಲ್ಲಿ ಇಂಟರ್‌ವ್ಯೂ. ಹೆಣ್ಣುಮಕ್ಕಳು ನೌಕರಿಗೆ ಬಂದರೆ ಶಹಾಪುರದ ಕಾಲೊನಿಯಲ್ಲಿ ಒಂದು ರೂಮ್ ಕೊಡುತ್ತಾರಂತೆ. ರೂಮ್ ಸಿಕ್ಕರೆ ನಾನು ಸಂಜೆಯ ಜೀಪಿಗೆ ಬಂದು ಬೆಳಿಗ್ಗೆ ಅದೇ ಜೀಪಿಗೆ ವಾಪಸು ಹೋಗಬಹುದು. ಮದುವೆಯಾಗಿ ಎರಡು ವರ್ಷವಾದರೂ ನಾವು ಒಟ್ಟಿಗೆ ಇದ್ದದ್ದು ಎಷ್ಟು ಎಂದು ನಿನಗೇ ಗೊತ್ತಿದೆ. ಈ ತಗಡಿನ ಶೆಡ್ಡಿನಲ್ಲಿ ಗಂಡಸರೇ ತುಂಬಿದ್ದೇವೆ, ನಿನ್ನನ್ನು ಕರೆತರಲಾಗದು.

ಸಾಹೇಬರು ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಯಾದಗಿರಿ ಸ್ಟೇಷನ್ನಿನಿಂದ ಒಂದು ಇಂಗ್ಲಿಷ್ ಗೈಡ್ ತರಿಸಿದ್ದೇನೆ. ಪ್ರತಿ ಕಾಗದದಲ್ಲೂ ಕೆಲವು ಪದ ಕಳಿಸುತ್ತೇನೆ. ಬಾಯಿಪಾಠ ಮಾಡು.

ರಿಲಕ್ಟಂಟ್: ಒಲ್ಲದ. ಇಮಿನೆಂಟ್: ಸನ್ನಿಹಿತ. ಆಬ್ಸೊಲೀಟ್: ಅಪ್ರಚಲಿತ. ಅಡ್ಜೆಸೆಂಟ್: ಸಮೀಪಸ್ಥ. ಉಳಿದವು ಹಿಂಬದಿಯಲ್ಲಿವೆ.

ಈಶಪ್ಪ

*

ಸುರಪುರ
21 ಜುಲೈ 1988

ನಮ್ಮವರಿಗೆ ನಮಸ್ಕಾರ.

ಕಾಗದ ಬಂದ ದಿನವೇ ಅರ್ಜಿ ಟೈಪು ಮಾಡಿ ಹಾಕಿದೆ. ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಿಷಿನ್ನಿನಲ್ಲಿ ಒಂದೊಂದು ಅಕ್ಷರ ಎದ್ದು ಸಿಕ್ಕಿಕೊಳ್ಳುತ್ತದೆ. ಪಕ್ಕದ ಮನೆಯ ಚಮನಬೀಯೂ ನನ್ನ ಜೊತೆ ಕಲಿಯುತ್ತಿದ್ದಾಳೆ. ಅವಳು ಅದನ್ನು ಸೂಜಿಯಲ್ಲಿ ಬಿಡಿಸಿ ಕೂಡಿಸಿದಳು.

ಪದಗಳನ್ನು ಒಲೆಯ ಮುಂದೆ ಕೂತು ಹೇಳಿಕೊಳ್ಳುತ್ತೇನೆ. ಅತ್ತೆ ಹತ್ತಿಯ ಜಿನ್ನಿನ ಕೆಲಸ ಮುಗಿಸಿ ಬಂದವರು, ಸೀರೆಗೆ ಅಂಟಿದ ಹತ್ತಿ ಕೊಡವುತ್ತ ಬಾಗಿಲಲ್ಲೇ ನಿಂತು ಕೇಳಿದರು:

“ಏನ ಮಂತ್ರ ಹೇಳಾಕತ್ತಿ? ಯಾರಿಗಿ ಮಾಟ ಮಾಡ್ತಿ?”

“ಇಂಗ್ಲಿಷ್ ರೀ ಅತ್ತಿ.”

“ಹಂಗಾದ್ರ ಜೋರಲೇ ಹೇಳು. ಎಮ್ಮಿ ಹೆದರಿ ಎರಡು ಸೇರು ಹೆಚ್ಚಿಗಿ ಕೊಟ್ಟೀತು.”

ಒಂದು ಮಾತು ಕೇಳಬೇಕಾಗಿದೆ. ಇಮಿನೆಂಟ್ ಅಂದರೆ ಸನ್ನಿಹಿತ ಎಂದು ಬರೆದಿದ್ದೀರಿ. ಸನ್ನಿಹಿತ ಅಂದರೇನು? ಸಮೀಪಸ್ಥ ಎಂದು ನಮ್ಮ ಓಣಿಯಲ್ಲಿ ಯಾರೂ ಅನ್ನುವುದಿಲ್ಲ. ಈ ಪದಗಳನ್ನು ಯಾವಾಗ, ಎಂಥ ಮಾತಿನಲ್ಲಿ ಹಾಕುತ್ತಾರೆ? ಒಂದೊಂದು ವಾಕ್ಯ ಬರೆದು ಕಳಿಸಿದರೆ ಒಳ್ಳೆಯದಿತ್ತು.

ನಿಮ್ಮ ಊಟದ ಬಗ್ಗೆ ಏನೂ ಬರೆದಿಲ್ಲ.

ಗೊಲ್ಲಾಳಮ್ಮ

*

ವನದುರ್ಗ ಕ್ಯಾಂಪ್
4 ಆಗಸ್ಟ್ 1988

ಗೊಲ್ಲಾಳಮ್ಮಳಿಗೆ,

ಊಟಕ್ಕೇನೂ ಕೊರತೆ ಇಲ್ಲ. ಕಾವಲುಗಾರ ನಾಗಣ್ಣ ರೊಟ್ಟಿ ಬಡಿಯುತ್ತಾನೆ, ನಾನು ಪಲ್ಯ ಮಾಡುತ್ತೇನೆ. ಅವನ ರೊಟ್ಟಿ ಕಾಲುವೆಗೆ ಹಾಸುವ ಕಲ್ಲಿನ ಹಾಗೆ ಇರುತ್ತದೆ.

ಎಲ್ಲಿ ಹಾಕಬೇಕು, ಯಾವಾಗ ಹಾಕಬೇಕು ಎಂದು ಈಗಲೇ ಕೇಳಬೇಡ. ಮಗ್ಗಿ ಕಲಿಯುವಾಗ ಯಾಕೆಂದು ಯಾರೂ ಕೇಳಲಿಲ್ಲ. ಮೊದಲು ಪದ ತಲೆಯಲ್ಲಿ ಕೂಡಬೇಕು, ಆಮೇಲೆ ಎಲ್ಲ ತಾನೇ ತಿಳಿಯುತ್ತದೆ. ಇಂಟರ್‌ವ್ಯೂ ಹತ್ತಿರ ಬಂತು. ಈ ಸಲ ನಾಲ್ಕು ಹಾಳೆ ಕಳಿಸಿದ್ದೇನೆ.

ಹೋದ ವಾರ ಸಿಮೆಂಟು ತರಲು ಶಹಾಪುರಕ್ಕೆ ಹೋದಾಗ ಆ ರೂಮ್ ನೋಡಿ ಬಂದೆ. ಬೀಗ ಹಾಕಿತ್ತು, ಕಿಟಕಿಯಿಂದ ಇಣುಕಿದೆ. ಒಳಗೆ ಕಟ್ಟೆ ಒಲೆ ಇದೆ, ಗೋಡೆಗೆ ಎರಡು ಗೂಟ ಇವೆ. ಅದನ್ನು ಬೇರೆಯವರಿಗೆ ಬಿಡಬಾರದು.

ಈಶಪ್ಪ

*

ಸುರಪುರ
15 ಸೆಪ್ಟೆಂಬರ್ 1988

ನಮ್ಮವರಿಗೆ ನಮಸ್ಕಾರ.

ಸೋಮವಾರ ಶಹಾಪುರಕ್ಕೆ ಹೋಗಿ ಬಂದೆ. ಆಗಲಿಲ್ಲ ಅನಿಸುತ್ತದೆ.

ಎಮ್ಮೆಗೆ ಕಾಲು ನೋವು ಇತ್ತು, ಈಗ ಪರವಾಗಿಲ್ಲ. ಅತ್ತೆ ಆರಾಮ ಇದ್ದಾರೆ.

ಗೊಲ್ಲಾಳಮ್ಮ

*

ವನದುರ್ಗ ಕ್ಯಾಂಪ್
24 ಸೆಪ್ಟೆಂಬರ್ 1988

ಗೊಲ್ಲಾಳಮ್ಮಳಿಗೆ,

ನಿನ್ನ ಕಾಗದದಲ್ಲಿ ಎಮ್ಮೆಯ ಸುದ್ದಿ ಇತ್ತು, ಇಂಟರ್‌ವ್ಯೂದ ಸುದ್ದಿ ಇರಲಿಲ್ಲ. ಅದನ್ನು ಬಸವಂತ್ರಾಯರ ಬಾಯಿಂದ ಕೇಳಬೇಕಾಯಿತು. ನಾಲ್ಕು ಜನರ ಮುಂದೆ ಅಂದರು: “ಏನೋ ಈಶಪ್ಪ, ನಿಮ್ಮಾಕಿಗಿ ಸಾಹೇಬ್ರು ಮೊದಲನೇ ಪ್ರಶ್ನಿ ಕೇಳಿದ್ದೇ ತಿಳಿಲಿಲ್ಲ. ಗೋಡಿ ನೋಡ್ಕೋತ ನಿಂತಿದ್ದಳು.”

ಇಷ್ಟು ಹಾಳೆ ಕಳಿಸಿದೆ. ಒಂದನ್ನಾದರೂ ಓದಿದ್ದೆಯಾ? ಕೆಲಸ ಬೇಡವಾಗಿದ್ದರೆ ಮೊದಲೇ ಹೇಳಬಹುದಿತ್ತು. ಶಹಾಪುರಕ್ಕೆ ಬರುವ ಮನಸ್ಸೇ ನಿನಗೆ ಇಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಆ ದಿನ ಬಂದವರಲ್ಲಿ ಯಾರನ್ನೂ ತೆಗೆದುಕೊಂಡಿಲ್ಲವಂತೆ. ದೀಪಾವಳಿ ಆದ ಮೇಲೆ ಇನ್ನೊಮ್ಮೆ ಕರೆಯುತ್ತಾರೆ. ಈ ಸಲ ಬರೀ ಪ್ರಶ್ನೆ ಅಲ್ಲ, ಸಾಹೇಬರ ಕೈಬರಹ ನೋಡಿ ಟೈಪು ಮಾಡಬೇಕು. ಗೈಡಿನ ಉಳಿದ ಪದಗಳನ್ನೆಲ್ಲ ಬರೆದು ಲಗತ್ತಿಸಿದ್ದೇನೆ.

ಈಶಪ್ಪ

*

ಸುರಪುರ
2 ಅಕ್ಟೋಬರ್ 1988

ನಮ್ಮವರಿಗೆ ನಮಸ್ಕಾರ.

ನೀವು ಬರೆದದ್ದನ್ನು ಓದಿ ಎರಡು ದಿನ ಕಾಗದ ಮುಟ್ಟಲಿಲ್ಲ. ಈಗ ಎಲ್ಲ ಬರೆಯುತ್ತೇನೆ.

ಪ್ರಶ್ನೆ ನನಗೆ ತಿಳಿಯಿತು. ಅದಕ್ಕಿಂತ ಸುಲಭದ ಪ್ರಶ್ನೆ ಇರಲಾರದು. ಸಾಹೇಬರು ಮೈಸೂರು ಕಡೆಯವರು, ಒಳ್ಳೆಯವರ ಹಾಗೆ ಕಂಡರು. ನಾನು ಹೆದರಬಾರದೆಂದೇ ಸುಲಭದ್ದು ಕೇಳಿದರು ಅನಿಸುತ್ತದೆ. “ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?” ಎಂದರು.

ನಾನೇನು ಹೇಳಲಿ?

ಅರ್ಜಿಯಲ್ಲಿ ನಿಮ್ಮ ಹೆಸರು ನಾನೇ ಟೈಪು ಮಾಡಿದ್ದೆ. ಕೈಯಿಂದ ಬರುತ್ತದೆ, ಬಾಯಿಂದ ಬರುವುದಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ ಹೆಸರು ಹೇಳಿಸಿದ್ದೇ ಕೊನೆ. ಸಾಹೇಬರು ನನಗೆ ಕೇಳಿಸಲಿಲ್ಲವೆಂದು ಮತ್ತೆ ಕೇಳಿದರು. ಆಮೇಲೆ ಸಣ್ಣ ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಕೇಳಿದರು. ನಮ್ಮ ಕಡೆ ಹೆಸರು ಹೇಳುವುದಿಲ್ಲ ಎಂದು ತಿಳಿಸಲು ಇಂಗ್ಲಿಷಿನ ಮಾತು ಹೊಳೆಯಲಿಲ್ಲ. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಳ್ಳುತ್ತಾರೆಂದು ಸುಮ್ಮನಿದ್ದೆ. ಬಸವಂತ್ರಾಯರು ಬಾಗಿಲ ಹೊರಗಿನಿಂದ ನೋಡುತ್ತಿದ್ದರು. ಸಾಹೇಬರು ಏನೋ ಬರೆದುಕೊಂಡು ಮುಂದಿನವರನ್ನು ಕರೆದರು. ನಿಮ್ಮ ಹೆಸರಿನಿಂದಲೇ ಕೆಲಸ ಹೋಯಿತೆಂದು ನಿಮಗೆ ಬರೆಯಲು ಮನಸ್ಸಾಗಲಿಲ್ಲ.

ಶಹಾಪುರಕ್ಕೆ ಬರುವ ಮನಸ್ಸಿಲ್ಲ ಎಂದಿರಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳಿ.

ಅತ್ತೆಗೆ ಹೇಳಿದೆ. “ಛಲೋ ಮಾಡಿದಿ ಬಿಡು! ನಾನಾದ್ರೂ ಹೇಳ್ತಿದ್ದಿಲ್ಲ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲ, ಆ ಸಾಹೇಬಗ ನನ್ನ ಮಗನ ಹೆಸರು ಕಟಗೊಂಡು ಏನಾಗಬೇಕಾಗ್ಯಾದ?” ಎಂದು ಬೈದರು.

ಅದಾದ ಮೇಲೆ ಒಂದು ಸಂಗತಿ ನಡೆಯಿತು. ಮಾವನವರ ಹೆಸರಿನಲ್ಲಿ ದ್ಯಾವ ಇರುವುದರಿಂದ ಅತ್ತೆ ದ್ಯಾವರು ಎಂಬ ಮಾತನ್ನೇ ಆಡುವುದಿಲ್ಲ, ನಿಮಗೆ ಗೊತ್ತು. ಮಾವ ತೀರಿಕೊಂಡು ಇಷ್ಟು ವರ್ಷವಾದರೂ ಆಡುವುದಿಲ್ಲ. ಸೋಮವಾರ ಕೈಯಲ್ಲಿ ಕಾಯಿ ಹಿಡಿದು ಹೊರಟಿದ್ದರು. ಚಮನಬೀ ಕೇಳಿದಳು:

“ಎಲ್ಲಿಗಿ ಹೊಂಟೀರಿ ಹಣಮಮ್ಮವ್ವ?”

“ಮ್ಯಾಲಿನವನ ಬಲ್ಲಿ.”

“ಮ್ಯಾಲಿನವ ಅಂದ್ರ ನಮ್ಮ ಮಸೂತಿಯವನೂ ಆಗ್ತಾನ್ರಿ!”

“ಕಣ್ಣಿಲ್ಲೇನ ನಿನಗ? ಕೈಯಾಗ ಕಾಯಿ ಅದ, ಇವತ್ತು ಸೋಮವಾರ ಅದ. ಯಾರ ಗುಡಿ ಅಂತ ಗೊತ್ತಾಗಲ್ಲೇನು?”

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂತೆ. ಅತ್ತೆ ಹೇಳದ ಪದ ಓಣಿಯವರಿಗೆಲ್ಲ ತಿಳಿಯುತ್ತದೆ. ಕಾಯಿ ಹೇಳುತ್ತದೆ, ವಾರ ಹೇಳುತ್ತದೆ. ನನಗೆ ಇಂಗ್ಲಿಷನ್ನೂ ಹೀಗೇ ಕಲಿಸಿರಿ. ಅರ್ಥ ಬರೆದು ಕಳಿಸಬೇಡಿ. ಕ್ಯಾಂಪಿನ ಸುದ್ದಿಯನ್ನೇ ಬರೆಯಿರಿ, ನಡುವೆ ಒಂದೊಂದು ಇಂಗ್ಲಿಷ್ ಪದ ಇಡಿ. ಅಕ್ಕಪಕ್ಕದ ಮಾತು ನೋಡಿ ಅರ್ಥ ನಾನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಗೊಲ್ಲಾಳಮ್ಮ

*

ವನದುರ್ಗ ಕ್ಯಾಂಪ್
13 ಅಕ್ಟೋಬರ್ 1988

ಗೊಲ್ಲಾಳಮ್ಮಳಿಗೆ,

ಆ ಮಾತು ವಾಪಸು ತೆಗೆದುಕೊಂಡಿದ್ದೇನೆ.

ನಿನ್ನ ಕಾಗದವನ್ನು ಏರಿಯ ಮೇಲೆ ಕೂತು ಓದಿದೆ. ಬಸವಂತ್ರಾಯರ ಮೇಲೆ ಸಿಟ್ಟು ಬಂತು. ಅವರೂ ಈ ಕಡೆಯವರೇ. ಅವರ ಮನೆಯವರು ಅವರ ಹೆಸರು ಹೇಳುತ್ತಾರೆಯೇ? ಸಾಹೇಬರಿಗೆ ತಿಳಿಸಿ ಹೇಳಲು ಅವರಿಗೆ ನಾಲಿಗೆ ಇರಲಿಲ್ಲವೇ? ನಾನೇ ಹೋಗಿ ಸಾಹೇಬರಿಗೆ ಹೇಳಲೆಂದು ಇದ್ದೇನೆ. ಮತ್ತೆ ಕೇಳಿದರೆ ಹೇಳಿಬಿಡು, ನನ್ನ ಅಪ್ಪಣೆ ಇದೆ.

ನಾಗಣ್ಣನಿಗೆ ಈ ಕಥೆ ಹೇಳಿದೆ. ನಕ್ಕೂ ನಕ್ಕೂ ಅವನ ರೊಟ್ಟಿ ಹೊತ್ತಿತು. “ಗಂಡನ ಹೆಸರು ಈಶಪ್ಪ ಅಂತ ಇದ್ದಿದ್ದು ತಪ್ಪಾತು. ಇಂಗ್ಲಿಷ್ ಹೆಸರು ಇಟ್ಕೋ ಮಾರಾಯ” ಅಂದ.

ಈಗ ನೀನು ಕೇಳಿದ ಹಾಗೆ ಬರೆಯುತ್ತೇನೆ.

ಮೊನ್ನೆ ಏರಿಯ ಹೊರಮೈಯಲ್ಲಿ ಸೀಪೇಜ್ ಕಂಡಿತು. ಏರಿ ಒಡೆದಿಲ್ಲ, ತೂತೂ ಬಿದ್ದಿಲ್ಲ, ಆದರೂ ಮಣ್ಣು ಒದ್ದೆ. ಕೈ ಒತ್ತಿದರೆ ಬೆರಳಿಗೆ ನೀರು ಬರುತ್ತದೆ. ಅವತ್ತಿನಿಂದ ನಾಗಣ್ಣ ವಿಜಿಲೆಂಟ್ ಆಗಿರಬೇಕೆಂದು ಹುಕುಂ ಬಂದಿದೆ. ಪಾಪ, ಊಟಕ್ಕೂ ಏರಿ ಬಿಟ್ಟು ಬರುವುದಿಲ್ಲ, ಬುತ್ತಿ ನಾನೇ ಒಯ್ಯುತ್ತೇನೆ. ನಮ್ಮ ಶೆಡ್ಡಿನ ಲಾಟೀನು ಆಬ್ಸೊಲೀಟ್ ಆಗಿದೆ. ಕೆಟ್ಟಿಲ್ಲ, ಹಚ್ಚಿದರೆ ಉರಿಯುತ್ತದೆ. ಕರೆಂಟು ಬಂದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಬರೆಯುವಾಗ ಒಂದು ತಿಳಿಯಿತು. ನಾನು ನಿನಗೆ ಕಳಿಸಿದ ಪದಗಳಲ್ಲಿ ಅರ್ಧಕ್ಕೆ ನನಗೂ ವಾಕ್ಯ ಮಾಡಲು ಬರುವುದಿಲ್ಲ.

ಈಶಪ್ಪ

*

ಸುರಪುರ
24 ಅಕ್ಟೋಬರ್ 1988

ನಮ್ಮವರಿಗೆ ನಮಸ್ಕಾರ.

ಸೀಪೇಜ್ ಅಂದರೆ ಜಿನುಗು. ವಿಜಿಲೆಂಟ್ ಅಂದರೆ ಕಣ್ಣು ತಪ್ಪಿಸದೆ ಕಾಯುವುದು. ಆಬ್ಸೊಲೀಟ್ ಪದಕ್ಕೆ ಅತ್ತೆಯೇ ಉತ್ತರ ಕೊಟ್ಟರು. ನಿಮ್ಮ ಲಾಟೀನಿನ ಮಾತನ್ನು ಓದಿ ಹೇಳಿದೆ, “ಹಂಗಾದ್ರ ನಮ್ಮ ಬೀಸುಕಲ್ಲೂ ಅದೇ ಆಗ್ಯಾದೇಳು. ಗಿರಣಿ ಬಂದ ಮ್ಯಾಲ ಯಾರು ಕೈ ಹಚ್ಚ್ಯಾರ?” ಅಂದರು. ಈಗ ಮನೆಯಲ್ಲಿ ಕಂಡದ್ದನ್ನೆಲ್ಲ ಆಬ್ಸೊಲೀಟ್ ಅನ್ನುತ್ತಿದ್ದಾರೆ. ನಿಮ್ಮ ಹಳೆಯ ಅಂಗಿಗೂ ಅಂದರು.

ಇನ್ನು ನಾನು ಬರೆದದ್ದನ್ನು ನೋಡಿ. ಚಮನಬೀಯ ತಂಗಿಯ ಹೆರಿಗೆ ಇಮಿನೆಂಟ್ ಆಗಿದೆ. ಸೂಲಗಿತ್ತಿ ಬಂದು ಕೂತಿದ್ದಾಳೆ, ನೀರು ಕಾಯುತ್ತಿದೆ, ಗಂಡಸರನ್ನು ಹೊರಗೆ ಕಳಿಸಿದ್ದಾರೆ. ಕೂಸು ಮಾತ್ರ ಇನ್ನೂ ಬಂದಿಲ್ಲ. ಇಷ್ಟು ಬರೆದ ಮೇಲೆ ಆ ಸನ್ನಿಹಿತ ಎಂಬ ಮಾತಿನ ಅರ್ಥವೂ ತಿಳಿಯಿತು!

ರಿಲಕ್ಟಂಟ್ ಪದಕ್ಕೆ ನಿಮ್ಮ ಗೈಡ್ ಒಲ್ಲದ ಎಂದು ಬರೆದಿದೆ. ಅದು ಸಾಲದು. ಇನ್‌ಸ್ಟಿಟ್ಯೂಟಿನಲ್ಲಿ ಹಳೆಯ ಇಂಗ್ಲಿಷ್ ಪೇಪರ್ ಇರುತ್ತವೆ, ಅವುಗಳಲ್ಲಿ ಈ ಪದವನ್ನು ಮೂರ್ನಾಲ್ಕು ಕಡೆ ನೋಡಿದೆ. ಎಲ್ಲ ಕಡೆಯೂ ರಿಲಕ್ಟಂಟ್ ಆದವರು ಕೊನೆಗೆ ಒಪ್ಪಿದ್ದರು, ಇಲ್ಲವೇ ಒಪ್ಪುವ ಹಂತಕ್ಕೆ ಬಂದಿದ್ದರು. ನಮ್ಮ ಎಮ್ಮೆ ಹೊಸ ಕೊಟ್ಟಿಗೆಗೆ ಹೋಗುವಾಗ ಹಾಗೇ ಮಾಡಿತು. ಮುಂದಿನ ಕಾಲು ಒಳಗೆ ಇಟ್ಟು ಹಿಂದಿನ ಕಾಲು ಹೊರಗೇ ಊರಿ ನಿಂತಿತ್ತು. ಒಲ್ಲದ ಎಮ್ಮೆ ಮುಂದಿನ ಕಾಲನ್ನೂ ಇಡುವುದಿಲ್ಲ.

ಹೆಸರಿನ ವಿಷಯ. ಸಾಹೇಬರ ಬಳಿ ಹೋಗಿ ನೀವು ಏನೂ ಹೇಳಬೇಡಿ. ಅಪ್ಪಣೆ ನಿಮ್ಮದಿರಬಹುದು, ನಾಲಿಗೆ ನನ್ನದು. ಅದು ಒಗ್ಗಿದಾಗ ಒಗ್ಗಲಿ. ಸದ್ಯಕ್ಕೆ ಒಂದು ಇಂಗ್ಲಿಷ್ ವಾಕ್ಯ ಮಾಡಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಹೆಸರು ಹೇಳುವ ರೂಢಿ ಇಲ್ಲ ಸರ್, ಅರ್ಜಿಯ ಎರಡನೇ ಸಾಲಿನಲ್ಲಿದೆ, ದಯವಿಟ್ಟು ನೋಡಿ ಎಂದು ಹೇಳುತ್ತೇನೆ. ಚಮನಬೀ ಸಾಹೇಬರ ಹಾಗೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಹತ್ತಾರು ಸಲ ಕೇಳಿದ್ದಾಳೆ. ನಾನು ಒಮ್ಮೆಯೂ ತಡವರಿಸಲಿಲ್ಲ.

ಗೊಲ್ಲಾಳಮ್ಮ

*

ವನದುರ್ಗ ಕ್ಯಾಂಪ್
3 ನವೆಂಬರ್ 1988

ಗೊಲ್ಲಾಳಮ್ಮಳಿಗೆ,

ನವೆಂಬರ್ 14, ಸೋಮವಾರ, ಬೆಳಿಗ್ಗೆ. ಇದು ಖಚಿತ. ನಾನು ಬರಲಾರೆ. ಜಿನುಗು ನಿಂತಿಲ್ಲ, ಗೇಜನ್ನು ಈಗ ಮಧ್ಯಾಹ್ನವೂ ನೋಡಬೇಕು.

ಎಮ್ಮೆಯ ಮಾತನ್ನು ಇಡೀ ಶೆಡ್ಡಿಗೆ ಓದಿ ಹೇಳಿದೆ. ನಾಗಣ್ಣ ಮದುವೆಗೆ ಒಪ್ಪುತ್ತಿಲ್ಲ, ಹೆಣ್ಣು ನೋಡಲು ಮಾತ್ರ ತಪ್ಪದೆ ಹೋಗುತ್ತಾನೆ. ಈಗ ಅವನಿಗೆ ರಿಲಕ್ಟಂಟ್ ಎಂದೇ ಹೆಸರು ಬಿದ್ದಿದೆ.

ಬಸವಂತ್ರಾಯರು ಹೇಳಿದ್ದು ಇಷ್ಟು. ಸಾಹೇಬರ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತದೆ. ಏನೇ ಬಂದರೂ ಜಾಗ ಖಾಲಿ ಬಿಡಬೇಡ. ತಿಳಿಯದಿದ್ದರೂ ಏನಾದರೂ ಹೊಡೆದುಬಿಡು.

ಧೈರ್ಯವಾಗಿ ಹೋಗು.

ಈಶಪ್ಪ

*

ಸುರಪುರ
15 ನವೆಂಬರ್ 1988

ನಮ್ಮವರಿಗೆ ನಮಸ್ಕಾರ.

ನಿನ್ನೆಯದನ್ನು ಇವತ್ತೇ ಬರೆಯುತ್ತಿದ್ದೇನೆ, ಏನೂ ಬಚ್ಚಿಡುವುದಿಲ್ಲ.

ಈ ಸಲ ಯಾರೂ ಹೆಸರು ಕೇಳಲಿಲ್ಲ. ಅಷ್ಟು ಕಲಿತ ವಾಕ್ಯ ಹಾಗೇ ಉಳಿಯಿತು. ಚಮನಬೀ ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡಿದ್ದಾಳೆ.

ನೇರವಾಗಿ ಮಿಷಿನ್ನಿನ ಮುಂದೆ ಕೂಡಿಸಿ ಒಂದು ಹಾಳೆ ಕೊಟ್ಟರು. ಕಾಲುವೆಯ ಏರಿಗಳ ಬಗ್ಗೆ ಸಾಹೇಬರು ಬರೆದ ವರದಿ. ಅಕ್ಷರ ನೀವು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಮೊದಲನೇ ಸಾಲಿನಲ್ಲೇ ಒಂದು ಪದ ಬರೀ ಅಲೆಯ ಹಾಗೆ ಕಂಡಿತು. ಅದನ್ನು ಬಿಟ್ಟು ಮುಂದೆ ಓದಿದೆ. ಹಿಂದೆ ಒದ್ದೆ ಮಣ್ಣಿನ ಮಾತಿತ್ತು, ಮುಂದೆ ಜಲ್ಲಿ ಹಾಕುವ ಮಾತಿತ್ತು. ನಡುವೆ ಸೀಪೇಜ್ ಅಲ್ಲದೆ ಬೇರೇನು ಇರಲು ಸಾಧ್ಯ? ಹಾಗೇ ಅಡ್ಜೆಸೆಂಟ್ ಸಿಕ್ಕಿತು, ಅದರ ಹಿಂದೆ ಹೊಲ, ಮುಂದೆ ಹಳ್ಳ ಇದ್ದವು.

ಕೊನೆಯ ಪ್ಯಾರಾದಲ್ಲಿ ಸಿಕ್ಕಿಬಿದ್ದೆ. ಸೇತುವೆಯ ಹತ್ತಿರದ ಏರಿ ಹೇಗಿದೆ ಎಂಬ ಪದದ ಮೊದಲರ್ಧದ ಮೇಲೆ ಮಸಿ ಚೆಲ್ಲಿತ್ತು. ಅಲ್ಲಿ ಗಟ್ಟಿಯಾಗಿದೆ ಎಂಬ ಪದವೂ ಕೂಡುತ್ತಿತ್ತು, ಗಟ್ಟಿಯಿಲ್ಲ ಎಂಬ ಪದವೂ ಕೂಡುತ್ತಿತ್ತು. ಮುಂದಿನ ವಾಕ್ಯದಲ್ಲಿ ಕಾವಲುಗಾರ ವಿಜಿಲೆಂಟ್ ಆಗಿರಲಿ ಎಂದಿತ್ತು. ಏರಿ ಗಟ್ಟಿ ಇದ್ದರೂ ಕಾಯಲು ಹೇಳುತ್ತಾರೆ, ಇಲ್ಲದಿದ್ದರೂ ಹೇಳುತ್ತಾರೆ. ಮೂರು ಸಲ ಹಿಂದೆ ಮುಂದೆ ಓದಿದೆ. ಅಕ್ಕಪಕ್ಕದ ಮಾತು ಅಲ್ಲಿ ಏನನ್ನೂ ಹೇಳಲಿಲ್ಲ.

ನೀವು ಏನಾದರೂ ಹೊಡೆದುಬಿಡು ಎಂದಿದ್ದಿರಿ. ಪಕ್ಕದ ಮಿಷಿನ್ನುಗಳು ನಿಲ್ಲದೆ ಬಡಿಯುತ್ತಿದ್ದವು. ನನಗೆ ನಾಗಣ್ಣ ನೆನಪಾದರು, ಬುತ್ತಿ ಹಿಡಿದು ಏರಿಯ ಮೇಲೆ ಹೋಗುವ ನೀವೂ ನೆನಪಾದಿರಿ. ಅದೂ ಇಂಥದೇ ಏರಿ. ಆ ಪದದಷ್ಟು ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಮುಗಿಸಿದೆ. ಎದ್ದು ಹೋಗಿ ಸಾಹೇಬರ ಮುಂದೆ ಹಾಳೆ ಇಟ್ಟೆ. ಈ ಪದ ಎರಡು ರೀತಿ ಇರಬಹುದು ಸರ್, ಒಂದಕ್ಕೊಂದು ವಿರುದ್ಧ, ಯಾವುದೆಂದು ನೀವೇ ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವಾಕ್ಯ ಮೊದಲೇ ಕಲಿತದ್ದಲ್ಲ, ಬಂತು.

ಅವರು ಹಾಳೆ ನೋಡಿದರು, ನನ್ನನ್ನೂ ನೋಡಿದರು. “ಗಟ್ಟಿ ಇಲ್ಲಮ್ಮ ಅದು. ಬೀಳೋ ಹಾಗಿದೆ” ಎಂದು ಅವರ ಕಡೆಯ ಕನ್ನಡದಲ್ಲೇ ಅಂದರು. ನಗಲಿಲ್ಲ. ಪೆನ್ನಿನಿಂದ ತಾವೇ ತುಂಬಿ ಹಾಳೆ ಒಳಗಿಟ್ಟರು, ಹೋಗಬಹುದು ಅಂದರು. ಕೇಳಿದ್ದು ಸರಿಯಾಯಿತೋ ತಪ್ಪಾಯಿತೋ ಗೊತ್ತಿಲ್ಲ. ಮತ್ತೆ ಅಂಥ ಹಾಳೆ ಕೊಟ್ಟರೆ ಮತ್ತೆ ಕೇಳುತ್ತೇನೆ.

ಗೊಲ್ಲಾಳಮ್ಮ

*

ವನದುರ್ಗ ಕ್ಯಾಂಪ್
16 ನವೆಂಬರ್ 1988

ಗೊಲ್ಲಾಳಮ್ಮಳಿಗೆ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಬಸವಂತ್ರಾಯರು ಇವತ್ತು ಜೀಪಿನಿಂದ ಇಳಿಯುತ್ತಲೇ, “ನಿಮ್ಮಾಕಿ ಒಂದು ಪದ ಖಾಲಿ ಬಿಟ್ಟಾಳೋ ತಮ್ಮ. ಉಳದವರು ಪೂರ್ತಿ ಹೊಡದಾರ” ಅಂದರು.

ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೋದ ಸಲದಂತೆ ನಾನು ಏನೂ ಅನ್ನುವುದಿಲ್ಲ. ಒಂದು ಪದವಲ್ಲವೇ, ಉಳಿದದ್ದೆಲ್ಲ ಬಂತಲ್ಲ. ರೂಮ್ ಸಿಗದಿದ್ದರೆ ಬೇರೆ ದಾರಿ ನೋಡೋಣ. ಬದಲಿ ಆಳಿಗಾಗಿ ಮತ್ತೆ ಅರ್ಜಿ ಕೊಟ್ಟಿದ್ದೇನೆ.

ಸೇತುವೆಯ ಹತ್ತಿರದ ಏರಿಗೆ ಇವತ್ತು ಲಾರಿಗಟ್ಟಲೆ ಜಲ್ಲಿ ಬಂದು ಬಿದ್ದಿದೆ. ಸಾಹೇಬರ ವರದಿ ಮೇಲಿನ ಆಫೀಸಿಗೆ ಹೋಗಿದೆಯಂತೆ. ಕೆಲಸ ಮುಗಿಯುವ ತನಕ ನಾಗಣ್ಣನಿಗೂ ನನಗೂ ಆ ಏರಿಯ ಮೇಲೆ ನಿಲ್ಲಬೇಡಿರೆಂದು ಹೇಳಿದ್ದಾರೆ.

ಈಶಪ್ಪ

*

ಸುರಪುರ
24 ನವೆಂಬರ್ 1988

ನಮ್ಮವರಿಗೆ ನಮಸ್ಕಾರ.

ನಿಮ್ಮ ಸಮಾಧಾನದ ಕಾಗದ ಮುಟ್ಟಿತು. ಅದನ್ನು ಹಿಡಿದುಕೊಂಡು ಅತ್ತೆಯೂ ನಾನೂ ನಕ್ಕೆವು, ಆಮೇಲೆ ನನಗೆ ಅಳುವೂ ಬಂತು. ಯಾಕೆಂದರೆ ಅದೇ ಟಪಾಲಿನಲ್ಲಿ ಆಫೀಸಿನ ಕವರೂ ಇತ್ತು.

ಡಿಸೆಂಬರ್ ಒಂದಕ್ಕೆ ಕೆಲಸಕ್ಕೆ ಬರಬೇಕಂತೆ. ಕಾಲೊನಿಯ ರೂಮಿನ ಕೀಲಿಕೈಯನ್ನು ಹಿಂದಿನ ದಿನವೇ ಪಡೆಯಬೇಕಂತೆ. ಆರ್ಡರ್ ಇಂಗ್ಲಿಷಿನಲ್ಲಿದೆ, ನಾನೇ ಓದಿದೆ. ನೇಮಕದ ಮಾತಿಗೆ ಮೊದಲು ಪ್ರೊವಿಜನಲ್ ಎಂಬ ಪದ ಇದೆ. ಅದರ ಮುಂದೆ ಆರು ತಿಂಗಳು ಎಂದಿದೆ, ಆಮೇಲೆ ಕೆಲಸ ಸರಿ ಕಂಡರೆ ಮುಂದುವರಿಸಲಾಗುವುದು ಎಂದಿದೆ. ಈ ಎರಡರ ಪಕ್ಕ ಕೂತ ಪದಕ್ಕೆ ಏನರ್ಥವೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಆರು ತಿಂಗಳು ನನಗೆ ಸಾಕು. ಅಷ್ಟರಲ್ಲಿ ಸಾಹೇಬರ ಅಕ್ಷರವೂ ರೂಢಿಯಾಗುತ್ತದೆ.

ಅತ್ತೆಯನ್ನು ಕರೆದೆ. ಬರುವುದಿಲ್ಲವಂತೆ. “ಜಿನ್ನಿನಾಗ ಹೆಣ್ಣಾಳುಗಳ ಮ್ಯಾಲ ನನ್ನ ಮುಕಾದಮ್ಮ ಮಾಡ್ಯಾರ, ಈಗ ಬಿಟ್ಟು ಬಾ ಅಂತಿಯಲ್ಲ! ನೀವು ಮೊದಲ ಹೋಗ್ರಿ, ರೊಕ್ಕ ರೊಟ್ಟಿ ನೋಡ್ಕೋರಿ. ಐತವಾರಕ್ಕೊಮ್ಮೆ ಬರ್ತೀನಿ, ಬಸ್ಸಿನ ಮುಂದಿನ ಸೀಟು ಹಿಡದು” ಅಂದರು. ಮೊದಲ ಐತವಾರಕ್ಕೆ ಕೋಳಿ ಬೇಕೆಂದೂ ಹೇಳಿದ್ದಾರೆ.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಟ್ರಂಕು ಭಾರ ಇದೆ, ಜೊತೆಗೆ ಹಿಟ್ಟಿನ ಡಬ್ಬಿ, ಹಾಸಿಗೆ ಸುರುಳಿ. ನೀವು ಸಂಜೆಯ ಗೇಜು ನೋಡಿ ಜೀಪಿಗೆ ಬರುವಷ್ಟರಲ್ಲಿ ನಾನು ಬೀಗ ತೆಗೆದು ಒಲೆ ಹಚ್ಚಿರುತ್ತೇನೆ. ನೇರ ಮನೆಗೇ ಬನ್ನಿ.

ಗೊಲ್ಲಾಳಮ್ಮ